ಹಳೇ ಫಾರ್ಮ್‌ಹೌಸ್‌ಗೆ ಹೊರಗಿನ ಸೌದೆ ಫರ್ನೇಸ್: ಲೆಕ್ಕದಿಂದ ಉರಿಯವರೆಗೆ

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ, ವರ್ಮಾಂಟ್, ವಿಸ್ಕಾನ್ಸಿನ್, ಮಿನೆಸೋಟ. ಈ ಕಡೆಯ ಹಳ್ಳಿ ರಸ್ತೆಗಳಲ್ಲಿ ಚಳಿಗಾಲದಲ್ಲಿ ಓಡಾಡಿದವರು ಇದನ್ನು ನೋಡಿರುತ್ತೀರಿ. ಮನೆಯಿಂದ ನೂರಿನ್ನೂರು ಅಡಿ ದೂರದಲ್ಲಿ ತಗಡಿನ ಒಂದು ಪುಟ್ಟ ಶೆಡ್ಡು, ಅದರ ತಲೆ ಮೇಲೆ ಹೊಗೆ ಕೊಳವೆ, ಪಕ್ಕದಲ್ಲಿ ಸಾಲುಸಾಲು ಸೌದೆ. ಅದೇ ಹೊರಗಿನ ಸೌದೆ ಫರ್ನೇಸ್. ಹೆಸರು ಫರ್ನೇಸ್ ಅಂತಿದ್ದರೂ ಕೆಲಸ ಮಾಡುವುದು ನೀರು ಕಾಯಿಸುವ ಬಾಯ್ಲರಿನ ಹಾಗೆ.

ಒಳಗೆ ದಪ್ಪ ಉಕ್ಕಿನ ಒಲೆ, ಅದರ ಸುತ್ತಲೂ ನೀರು. ನಮ್ಮೂರಿನ ಬಚ್ಚಲುಮನೆ ಹಂಡೆಯ ದೊಡ್ಡಣ್ಣ ಅಂದುಕೊಳ್ಳಿ. ಕಾದ ನೀರನ್ನು ಪಂಪು ನೆಲದಡಿಯ ಪೈಪಿನಲ್ಲಿ ಮನೆಗೆ ತಳ್ಳುತ್ತದೆ. ಅಲ್ಲಿ ನೀರು ಶಾಖ ಬಿಟ್ಟುಕೊಟ್ಟು, ತಣಿದು ವಾಪಸ್ ಬರುತ್ತದೆ. ಬೆಂಕಿ, ಬೂದಿ, ಹೊಗೆ, ಸೌದೆಯ ಹುಳು ಎಲ್ಲ ಹೊರಗೇ ಉಳಿಯುತ್ತವೆ. ಹೆಚ್ಚಿನ ಮಾಡೆಲ್‌ಗಳಲ್ಲಿ ನೀರಿಗೆ ಒತ್ತಡ ಇರುವುದಿಲ್ಲ, ಮೇಲೆ ಗಾಳಿಗೆ ತೆರೆದ ಒಂದು ಕೊಳವೆ ಇರುತ್ತದೆ. ಹಾಗಾಗಿ ಸಿಡಿಯುವ ಭಯ ಕಡಿಮೆ.

ಐಡಿಯಾ ಚೆನ್ನಾಗಿದೆ, ಆದರೆ ಇದರ ಬಗ್ಗೆ ದೂರುಗಳೂ ಜಾಸ್ತಿ. ಸೌದೆ ಎಷ್ಟು ಹಾಕಿದರೂ ಸಾಲದು, ಹೊಗೆಗೆ ಪಕ್ಕದ ಮನೆಯವರು ಜಗಳಕ್ಕೆ ಬಂದರು, ಹತ್ತು ವರ್ಷಕ್ಕೆ ತೂತು ಬಿತ್ತು. ಇದರಲ್ಲಿ ಬಹುಪಾಲು ತೊಂದರೆಗೆ ಕಾರಣ ಕೆಲಸದ ಕ್ರಮ ತಪ್ಪಿದ್ದು. ಜನ ಮೊದಲು ಫರ್ನೇಸ್ ಕೊಳ್ಳುತ್ತಾರೆ, ಆಮೇಲೆ ಸೌದೆ ಹುಡುಕುತ್ತಾರೆ, ಮನೆಯ ಸಂದು ಮುಚ್ಚುವುದನ್ನು ಯೋಚಿಸುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಫರ್ನೇಸ್ ಖರೀದಿ ಐದನೇ ಕೆಲಸ. ಈ ಬರಹದ ಕ್ರಮವೂ ಹಾಗೇ ಇದೆ.

ಹೆಜ್ಜೆ 1: ಮನೆಗೆ ಎಷ್ಟು ಶಾಖ ಬೇಕು?

ಮಾರುವವರು ಮನೆ ಎಷ್ಟು ಚದರಡಿ ಅಂತ ಕೇಳಿ, ಥಟ್ಟನೆ ಒಂದು ಮಾಡೆಲ್ ತೋರಿಸುತ್ತಾರೆ. ಹಳೇ ಮನೆಗೆ ಚದರಡಿ ಲೆಕ್ಕ ಏನನ್ನೂ ಹೇಳುವುದಿಲ್ಲ. ಒಂದೇ ಅಳತೆಯ ಎರಡು ಮನೆ, ಒಂದರ ಅಟ್ಟದಲ್ಲಿ ಒಳ್ಳೇ ಇನ್ಸುಲೇಷನ್, ಇನ್ನೊಂದರಲ್ಲಿ ಇಲಿ ಗೂಡು ಮಾತ್ರ. ಎರಡಕ್ಕೂ ಒಂದೇ ಒಲೆ ಹೇಗೆ ಸರಿಹೋದೀತು?

ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೇ ಆಧಾರ ಇದೆ: ಹಿಂದಿನ ವರ್ಷದ ಆಯಿಲ್ ಅಥವಾ ಪ್ರೊಪೇನ್ ಬಿಲ್ಲು. ಈಗಷ್ಟೇ ಮನೆ ಕೊಂಡಿದ್ದರೆ ಹಳೇ ಮಾಲೀಕರನ್ನು ಕೇಳಿ, ಇಲ್ಲವೇ ತುಂಬಿಸಿಕೊಡುತ್ತಿದ್ದ ಕಂಪನಿಯವರನ್ನು ಕೇಳಿ.

ಒಂದು ಉದಾಹರಣೆ ಮಾಡೋಣ. ಒಂದು ಚಳಿಗಾಲಕ್ಕೆ 800 ಗ್ಯಾಲನ್ ಹೀಟಿಂಗ್ ಆಯಿಲ್ ಆಯಿತು ಅನ್ನಿ. ಒಂದು ಗ್ಯಾಲನ್‌ನಲ್ಲಿ ಸುಮಾರು 1,38,500 ಬಿಟಿಯು ಶಾಖ ಇರುತ್ತದೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಶಾಖವೇ ಒಂದು ಬಿಟಿಯು. ಹಳೇ ಆಯಿಲ್ ಫರ್ನೇಸ್‌ನ ದಕ್ಷತೆ 80 ಪರ್ಸೆಂಟ್ ಅಂತ ಇಟ್ಟುಕೊಂಡರೆ ಮನೆಗೆ ನಿಜವಾಗಿ ಸಿಕ್ಕಿದ್ದು ಸುಮಾರು 8.9 ಕೋಟಿ ಬಿಟಿಯು.

ಈಗ ನಿಮ್ಮೂರಿನ ಹೀಟಿಂಗ್ ಡಿಗ್ರಿ ಡೇ ನೋಡಿ. ಒಂದು ದಿನದ ಸರಾಸರಿ ಉಷ್ಣಾಂಶ 65 ಡಿಗ್ರಿಗಿಂತ (ಈ ಬರಹದಲ್ಲಿ ಬರೀ ಡಿಗ್ರಿ ಅಂದರೆ ಫ್ಯಾರನ್‌ಹೀಟ್) ಎಷ್ಟು ಕಮ್ಮಿ ಇದೆಯೋ ಅದು ಆ ದಿನದ ಲೆಕ್ಕ, ಇಡೀ ವರ್ಷದ್ದು ಕೂಡಿಸಿದರೆ ಊರಿನ ಲೆಕ್ಕ. ಉತ್ತರ ನ್ಯೂಯಾರ್ಕಿನ ಬಹಳ ಕಡೆ ಇದು 7,000ದ ಆಸುಪಾಸು. 8.9 ಕೋಟಿಯನ್ನು 7,000ದಿಂದ ಭಾಗಿಸಿ, ಮತ್ತೆ 24ರಿಂದ ಭಾಗಿಸಿ. ಸುಮಾರು 530 ಬರುತ್ತದೆ. ಅಂದರೆ ಹೊರಗೆ ಒಂದೊಂದು ಡಿಗ್ರಿ ಇಳಿದಾಗಲೂ ಮನೆ ಗಂಟೆಗೆ 530 ಬಿಟಿಯು ಜಾಸ್ತಿ ಕಳೆದುಕೊಳ್ಳುತ್ತದೆ. ಹೊರಗೆ ಸೊನ್ನೆ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್ ಇರುವ ರಾತ್ರಿಯಲ್ಲಿ ಬೇಕಾದ್ದು 65 ಗುಣಿಸು 530. ಗಂಟೆಗೆ 35 ಸಾವಿರ ಬಿಟಿಯು, ಅಷ್ಟೇ.

ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಎರಡು ಲಕ್ಷ ಬಿಟಿಯು ಒಲೆ ತೋರಿಸಿದಾಗ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಸಂದು ಮುಚ್ಚಿ

ನೂರು ವರ್ಷ ದಾಟಿದ ಅಮೆರಿಕದ ಫಾರ್ಮ್‌ಹೌಸ್‌ಗಳಲ್ಲಿ ಬಹಳಷ್ಟನ್ನು ಬಲೂನ್ ಫ್ರೇಮಿಂಗ್ ಅನ್ನುವ ವಿಧಾನದಲ್ಲಿ ಕಟ್ಟಿದ್ದಾರೆ. ಗೋಡೆಯೊಳಗಿನ ಮರದ ಕಂಬಗಳು ಅಡಿಪಾಯದಿಂದ ಸೀದಾ ಸೂರಿನವರೆಗೆ ಒಂದೇ ಉದ್ದ ಹೋಗುತ್ತವೆ. ಎರಡು ಕಂಬಗಳ ನಡುವಿನ ಟೊಳ್ಳಿಗೆ ಮಧ್ಯೆ ಎಲ್ಲೂ ತಡೆಯಿಲ್ಲ. ಬೇಸ್‌ಮೆಂಟಿನ ತಣ್ಣನೆ ಗಾಳಿ ಅಲ್ಲಿಂದ ಹತ್ತಿ ಅಟ್ಟ ಸೇರುತ್ತದೆ. ಬೆಂಕಿ ಬಿದ್ದರೂ ಅದೇ ದಾರಿ ಹಿಡಿಯುತ್ತದೆ, ಅದಕ್ಕೇ ಈ ಟೊಳ್ಳುಗಳನ್ನು ಮುಚ್ಚುವುದು ಎರಡು ರೀತಿಯಲ್ಲಿ ಒಳ್ಳೇದು.

ದುಡ್ಡಿಗೆ ಜಾಸ್ತಿ ಫಲ ಸಿಗುವುದು ಎರಡು ಜಾಗದಲ್ಲಿ. ಮೊದಲನೆಯದು ಅಟ್ಟದ ನೆಲ. ಎರಡನೆಯದು ಬೇಸ್‌ಮೆಂಟಿನಲ್ಲಿ ಕಲ್ಲಿನ ಗೋಡೆಯ ಮೇಲೆ ಮರದ ತೊಲೆ ಕೂರುವ ಅಂಚು. ಜನವರಿಯಲ್ಲಿ ಗಾಳಿ ಬೀಸುವ ದಿನ ಆ ಅಂಚಿನ ಉದ್ದಕ್ಕೂ ಹಸಿ ಕೈ ಹಿಡಿದುಕೊಂಡು ನಡೆಯಿರಿ, ಎಲ್ಲೆಲ್ಲಿ ತೂತಿದೆ ಅಂತ ಕೈಗೇ ಗೊತ್ತಾಗುತ್ತದೆ. ಇನ್ನೂ ಖಚಿತವಾಗಿ ಬೇಕಿದ್ದರೆ ಬ್ಲೋಯರ್ ಡೋರ್ ಟೆಸ್ಟ್, ಅಂದರೆ ಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿ ಗಾಳಿ ಸೋರುವುದನ್ನು ಅಳೆಯುವ ಪರೀಕ್ಷೆ, ಮಾಡಿಸಿ.

ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ. ಅಟ್ಟದಲ್ಲಿ ಪಿಂಗಾಣಿ ಗುಬುಟುಗಳ ಮೇಲೆ ಹಾಯುವ ಹಳೇ ಕಾಲದ ವೈರು ಕಂಡರೆ ಅದರ ಮೇಲೆ ಇನ್ಸುಲೇಷನ್ ಹೊದಿಸಬೇಡಿ. ಆ ವೈರು ಸುತ್ತಲಿನ ಗಾಳಿಯಿಂದ ತಣ್ಣಗಾಗುವಂಥದ್ದು, ಮುಚ್ಚಿದರೆ ಬಿಸಿಯಾಗಿ ಬೆಂಕಿ ಹತ್ತಬಹುದು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಇನ್ನೊಂದು, ಬೂದು ಬಣ್ಣದ, ಹೊಳೆಯುವ ಹರಳು ಹರಳಾದ ವರ್ಮಿಕ್ಯುಲೈಟ್ ಕಂಡರೆ ಅದನ್ನು ಕೆದಕಲೇಬೇಡಿ. ಹಳೇ ವರ್ಮಿಕ್ಯುಲೈಟ್‌ನಲ್ಲಿ ಬಹುಪಾಲು ಮೊಂಟಾನದ ಲಿಬ್ಬಿ ಗಣಿಯದ್ದು, ಅದರಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು.

ಹೆಜ್ಜೆ 3: ಕಾನೂನು, ಜಾಗ, ನೆರೆಯವರು

ಹೊರಗಿನ ಸೌದೆ ಫರ್ನೇಸ್ ಬಗ್ಗೆ ಅಮೆರಿಕದಲ್ಲಿ ಎಲ್ಲ ಕಡೆ ಒಂದೇ ಕಾನೂನಿಲ್ಲ. ದೇಶದ ಮಟ್ಟದಲ್ಲಿ ಇಪಿಎ, ಅಂದರೆ ಕೇಂದ್ರದ ಪರಿಸರ ರಕ್ಷಣಾ ಸಂಸ್ಥೆ, 2015ರಲ್ಲಿ ಹೊಗೆಯ ಮಿತಿ ತಂದಿತು. ಅದರ ಬಿಗಿಯಾದ ಎರಡನೇ ಹಂತ 2020ರ ಮೇ 15ರಿಂದ ಜಾರಿಯಲ್ಲಿದೆ. ಇದರ ಮೇಲೆ ರಾಜ್ಯದ್ದು ಬೇರೆ. ನ್ಯೂಯಾರ್ಕಿನಲ್ಲಿ 2011ರ ನಿಯಮದ ಪ್ರಕಾರ ಹೊಸದಾಗಿ ಹಾಕುವ ಮನೆ ಬಳಕೆಯ ಒಲೆ ಸಾಮಾನ್ಯವಾಗಿ ಜಮೀನಿನ ಗಡಿಯಿಂದ ಕನಿಷ್ಠ 100 ಅಡಿ ದೂರ ಇರಬೇಕು, ಹೊಗೆ ಕೊಳವೆ ನೆಲದಿಂದ ಕನಿಷ್ಠ 18 ಅಡಿ ಎತ್ತರ ಇರಬೇಕು. ಇದಾದ ಮೇಲೆ ನಿಮ್ಮ ಟೌನಿನದ್ದು ಇನ್ನೊಂದು. ಕೆಲವು ಟೌನುಗಳು ಪೂರ್ತಿ ನಿಷೇಧವನ್ನೇ ಹಾಕಿವೆ. ಟೌನ್ ಕೋಡ್ ಆಫೀಸಿಗೆ ಹೋಗಿ ಕೇಳದೆ ಒಂದು ಡಾಲರೂ ಮುಂಗಡ ಕೊಡಬೇಡಿ. ಮನೆ ವಿಮೆಯವರಿಗೂ ತಿಳಿಸಿ, ಪಾಲಿಸಿಯಲ್ಲಿ ಬರೆಸಿಕೊಳ್ಳಿ.

ಜಾಗ ಆರಿಸುವಾಗ ಚಳಿಗಾಲದ ಗಾಳಿ ಎತ್ತಲಿಂದ ಬರುತ್ತದೆ ನೋಡಿ. ಹೊಗೆ ನಿಮ್ಮ ಮನೆಗೂ ಪಕ್ಕದವರ ಮನೆಗೂ ಹೋಗಬಾರದು. ತಗ್ಗಿನ ಜಾಗ ಬೇಡ, ಗಾಳಿಯಿಲ್ಲದ ಬೆಳಗ್ಗೆ ಹೊಗೆ ಅಲ್ಲೇ ಮಡುಗಟ್ಟಿ ನಿಲ್ಲುತ್ತದೆ. ಟ್ರಾಕ್ಟರೋ ಪಿಕಪ್ಪೋ ಸೌದೆ ತುಂಬಿಕೊಂಡು ಬಾಗಿಲವರೆಗೆ ಬರಬೇಕು, ಹಿಮ ಬಿದ್ದಾಗಲೂ. ಇಷ್ಟೆಲ್ಲ ನೋಡಿಕೊಂಡು, ಉಳಿದದ್ದರಲ್ಲಿ ಮನೆಗೆ ಹತ್ತಿರದ ಜಾಗ ಆರಿಸಿ. ಯಾಕೆ ಹತ್ತಿರ ಅನ್ನುವುದು ಪೈಪಿನ ಲೆಕ್ಕ ನೋಡಿದಾಗ ತಿಳಿಯುತ್ತದೆ.

ಹೆಜ್ಜೆ 4: ಸೌದೆ

ಇದಕ್ಕೇ ಜಾಸ್ತಿ ಸಮಯ ಹಿಡಿಯುವುದು. ಈ ಒಲೆಗೆ ಹಸಿ ಸೌದೆ ಹಾಕಿದರೂ ನಡೆಯುತ್ತದೆ ಅಂತ ಹೇಳುವವರು ಇನ್ನೂ ಇದ್ದಾರೆ. ನಡೆಯುತ್ತದೆ ನಿಜ, ಒದ್ದೆ ಬಟ್ಟೆ ಹಾಕಿಕೊಂಡೂ ನಡೆಯಬಹುದು ಅಲ್ವಾ! ಆಗ ತಾನೇ ಕಡಿದ ಒಂದು ಕಾರ್ಡ್ (ಸೌದೆಯ ಅಳತೆ, ಮುಂದೆ ಹೇಳಿದ್ದೇನೆ) ರೆಡ್ ಓಕ್‌ಗೂ ಒಣಗಿದ್ದಕ್ಕೂ ಇರುವ ತೂಕದ ವ್ಯತ್ಯಾಸ ಸಾವಿರ ಪೌಂಡಿಗಿಂತ ಜಾಸ್ತಿ. ಅಷ್ಟೂ ನೀರು. ಒಂದು ಪೌಂಡ್ ನೀರನ್ನು ಆವಿ ಮಾಡಲು ಹೆಚ್ಚುಕಮ್ಮಿ ಸಾವಿರ ಬಿಟಿಯು ಬೇಕು, ಆ ಶಾಖ ಹೊಗೆಯ ಜೊತೆ ಆಕಾಶಕ್ಕೆ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಒದ್ದೆ ಸೌದೆಯಿಂದ ಒಲೆ ತಣ್ಣಗಿದ್ದು, ಮರದಿಂದ ಹೊರಬರುವ ಅನಿಲ ಉರಿಯದೆ ಹಾಗೇ ಹೋಗುತ್ತದೆ. ಅದೇ ದಟ್ಟ ಹೊಗೆ, ಅದೇ ಒಲೆಯ ಗೋಡೆಗೆ ಟಾರಿನ ಹಾಗೆ ಅಂಟುವ ಕ್ರಿಯೋಸೋಟ್.

ಮೊದಲು ಅಳತೆ ತಿಳಿದುಕೊಳ್ಳಿ, ಇಲ್ಲದಿದ್ದರೆ ಕೊಳ್ಳುವಾಗ ಟೋಪಿ ಬೀಳುತ್ತದೆ. ಪೂರ್ತಿ ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದದ ಒಟ್ಟಿಲು, 128 ಘನ ಅಡಿ. ಫೇಸ್ ಕಾರ್ಡ್ ಅಂದರೆ ಅಷ್ಟೇ ಎತ್ತರ, ಅಷ್ಟೇ ಉದ್ದ, ಆದರೆ ಒಂದೇ ಸಾಲು. ತುಂಡು 16 ಇಂಚು ಇದ್ದರೆ ಅದು ಪೂರ್ತಿ ಕಾರ್ಡಿನ ಮೂರನೇ ಒಂದು ಭಾಗ. ಹಳ್ಳಿ ಕಡೆ ಸುಮ್ನೆ ಕಾರ್ಡ್ ಅಂದಾಗ ಯಾವುದು ಅಂತ ಬಿಡಿಸಿ ಕೇಳಿ.

ಎಷ್ಟು ಬೇಕು? ನಮ್ಮ ಉದಾಹರಣೆಯ ಮನೆಗೆ 8.9 ಕೋಟಿ ಬಿಟಿಯು ಬೇಕಿತ್ತು. ಒಣಗಿದ ಗಟ್ಟಿ ಮರಗಳ ಮಿಶ್ರಣದಲ್ಲಿ ಕಾರ್ಡಿಗೆ ಸುಮಾರು 2.2 ಕೋಟಿ. ಒಳ್ಳೇ ಒಲೆ ಅದರಲ್ಲಿ 65 ಪರ್ಸೆಂಟ್ ಮನೆಗೆ ಮುಟ್ಟಿಸಿದರೆ ಆರು ಕಾರ್ಡ್ ಚಿಲ್ಲರೆ. ಕೆಟ್ಟ ಒಲೆ, ಅರೆಒಣಗಿದ ಸೌದೆ ಸೇರಿ 40 ಪರ್ಸೆಂಟ್ ಮುಟ್ಟಿದರೆ ಹತ್ತು ಕಾರ್ಡ್. ನಾಲ್ಕು ಕಾರ್ಡ್ ಜಾಸ್ತಿ ಕಡಿದು, ಸೀಳಿ, ಒಟ್ಟಿ, ಹೊತ್ತು ಹಾಕುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು.

ಓಕ್, ಶುಗರ್ ಮೇಪಲ್, ಬೀಚ್, ಬ್ಲಾಕ್ ಲೋಕಸ್ಟ್ ಎಲ್ಲ ಗಟ್ಟಿ ಮರಗಳು, ರಾತ್ರಿಯಿಡೀ ಕೆಂಡ ನಿಲ್ಲುತ್ತದೆ. ವೈಟ್ ಪೈನ್ ಬೇಗ ಉರಿದು ಮುಗಿಯುತ್ತದೆ, ಕಾರ್ಡಿಗೆ ಸಿಗುವ ಶಾಖ ಓಕ್‌ನ ಮೂರನೇ ಎರಡು ಭಾಗ. ಒಣಗಿದ್ದರೆ ಅದನ್ನೂ ಧಾರಾಳವಾಗಿ ಹಾಕಬಹುದು, ಅಕ್ಟೋಬರಿನ ಹಗುರ ಚಳಿಗೆ ಅದೇ ಸಾಕು. ಈಗ ಎಲ್ಲೆಲ್ಲೂ ಸಿಗುತ್ತಿರುವುದು ಆ್ಯಷ್ ಮರ. ಏಷ್ಯಾದಿಂದ ಬಂದ ಹಸಿರು ದುಂಬಿಯೊಂದು 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾಯಿತು, 2009ರ ಹೊತ್ತಿಗೆ ನ್ಯೂಯಾರ್ಕಿಗೂ ಬಂತು. ಅದರ ಮರಿಹುಳು ತೊಗಟೆಯಡಿ ಸುರಂಗ ಕೊರೆದು ಮರವನ್ನೇ ಸಾಯಿಸುತ್ತದೆ. ಹೀಗೆ ನಿಂತಲ್ಲೇ ಸತ್ತ ಆ್ಯಷ್ ಉರಿಸಲು ಚೆನ್ನ, ಬೀಳಿಸಲು ಬಹಳ ಅಪಾಯ. ಮರ ಗರಿಗರಿಯಾಗಿ ಕೊಂಬೆಗಳು ತಲೆ ಮೇಲೆ ಮುರಿದು ಬೀಳುತ್ತವೆ. ಚೈನ್‌ಸಾ ಅಭ್ಯಾಸ ಇಲ್ಲದವರು ಇಂಥ ಮರದಿಂದ ಶುರು ಮಾಡಬಾರದು, ದುಡ್ಡು ಕೊಟ್ಟು ಬೀಳಿಸಿ. ಇದೇ ದುಂಬಿಯಂಥ ಹುಳಗಳು ಹರಡದಿರಲಿ ಅಂತ ನ್ಯೂಯಾರ್ಕಿನಲ್ಲಿ ಶಾಖ ಕೊಟ್ಟು ಸಂಸ್ಕರಿಸದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವಂತಿಲ್ಲ.

ಒಣಗಿಸುವುದು ಹೀಗೆ. ಮೊದಲು ಸೀಳಿ. ಸೀಳದ ದಿಮ್ಮಿಗೆ ತೊಗಟೆಯೇ ರೇನ್‌ಕೋಟು, ವರ್ಷಗಟ್ಟಲೆ ಬಿಟ್ಟರೂ ಒಳಗೆ ಹಸಿ. ಸೀಳಿದ್ದನ್ನು ಪ್ಯಾಲೆಟ್ ಮೇಲೆ, ನೆಲಕ್ಕೆ ತಾಗದಂತೆ, ಗಾಳಿ ಬಿಸಿಲು ಬರುವ ಕಡೆ ಒಟ್ಟಿ. ಸಾಲುಗಳ ನಡುವೆ ಒಂದು ಗೇಣು ಬಿಡಿ. ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕ ತೆರೆದಿರಲಿ. ನೀಲಿ ಟಾರ್ಪಲಿನಿಂದ ಸುತ್ತಲೂ ಬಿಗಿದು ಕಟ್ಟುವುದನ್ನು ನೋಡಿರುತ್ತೀರಿ, ಹಾಗೆ ಮಾಡಿದರೆ ಒಳಗೆ ಬೆವರಿ ಅಣಬೆ ಬೆಳೆಯುತ್ತದೆ. ಆ್ಯಷ್, ಮೇಪಲ್‌ಗೆ ಒಂದು ಬೇಸಿಗೆಯಾದರೂ ಪೂರ್ತಿ ಬೇಕು. ಓಕ್‌ಗೆ ಎರಡು ಬೇಸಿಗೆ.

ತೇವ ಅಳೆಯುವ ಮೀಟರ್ ಮೂವತ್ತು ಡಾಲರಿನೊಳಗೆ ಸಿಗುತ್ತದೆ. ಅದನ್ನು ತುಂಡಿನ ತುದಿಗೆ ಚುಚ್ಚಿ ನೋಡಬೇಡಿ, ತುದಿ ಯಾವಾಗಲೂ ಒಣಗಿರುತ್ತದೆ. ತುಂಡನ್ನು ಮತ್ತೆ ಸೀಳಿ, ಆಗಷ್ಟೇ ತೆರೆದ ಒಳಮೈಯ ನಡುವೆ, ಎಳೆಯ ಉದ್ದಕ್ಕೆ ಚುಚ್ಚಿ. 20 ಪರ್ಸೆಂಟ್ ಅಥವಾ ಕಮ್ಮಿ ಬರಬೇಕು.

ಪೇಂಟ್ ಹಚ್ಚಿದ ಹಲಗೆ, ಔಷಧಿ ಕುಡಿಸಿದ ಮರ, ಪ್ಲೈವುಡ್, ಕಸ, ಪ್ಲಾಸ್ಟಿಕ್ ಇವನ್ನು ಎಂದೂ ಹಾಕಬಾರದು. ಕಾನೂನು ಬಿಡಿ, ಆ ಹೊಗೆ ವಿಷ, ಒಲೆಯ ಉಕ್ಕೂ ಹಾಳು.

ಹೆಜ್ಜೆ 5: ಈಗ ಫರ್ನೇಸ್ ಕೊಳ್ಳಿ

ಹಳೇ ಬಗೆಯ ಒಲೆಗಳಲ್ಲಿ ನೀರು ಬೇಕಾದಷ್ಟು ಕಾದ ತಕ್ಷಣ ಗಾಳಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆಂಕಿ ಉಸಿರು ಕಟ್ಟಿ ಹೊಗೆಯಾಡುತ್ತದೆ. ನೀರು ತಣಿದಾಗ ಮತ್ತೆ ತೆರೆಯುತ್ತದೆ. ಇಡೀ ಚಳಿಗಾಲ ಇದೇ ಆಟ. ಗ್ಯಾಸಿಫಿಕೇಷನ್ ಬಗೆಯ ಒಲೆಗಳಲ್ಲಿ ಸೌದೆಯಿಂದ ಬರುವ ಅನಿಲವನ್ನು ಇನ್ನೊಂದು ಕೋಣೆಗೆ ಕಳಿಸಿ, ಅಲ್ಲಿ ಬಿಸಿ ಗಾಳಿ ಸೇರಿಸಿ ಉರಿಸುತ್ತಾರೆ. ಹೊಗೆಯೇ ಇಂಧನ. ಈಗ ಇಪಿಎ ಪ್ರಮಾಣ ಪತ್ರ ಸಿಗುವ ಸೌದೆ ಒಲೆಗಳು ಹೆಚ್ಚಾಗಿ ಇಂಥವೇ. ಪ್ರಮಾಣ ಪತ್ರ ಇರುವ ಒಲೆಗಳ ಪಟ್ಟಿಯನ್ನು ಇಪಿಎ ಇಂಟರ್‌ನೆಟ್ಟಿನಲ್ಲಿ ಹಾಕಿದೆ, ಮಾಡೆಲ್ ನಂಬರ್ ಅಲ್ಲಿ ನೀವೇ ಹುಡುಕಿ ನೋಡಿ.

ಪಟ್ಟಿಯಲ್ಲಿ ದಕ್ಷತೆಯ ಜೊತೆ 8 ಗಂಟೆಯ ಶಾಖ ಅಂತ ಒಂದು ಸಂಖ್ಯೆ ಇರುತ್ತದೆ. ಜಾಹೀರಾತಿನ ದೊಡ್ಡ ಸಂಖ್ಯೆ ಬೆಂಕಿ ಜೋರಾಗಿರುವ ಕ್ಷಣದ್ದು. ಒಂದು ಸಲ ತುಂಬಿದ ಸೌದೆಯಲ್ಲಿ ರಾತ್ರಿಯಿಡೀ ಸರಾಸರಿ ಎಷ್ಟು ಬರುತ್ತದೆ ಅನ್ನುವುದೇ ನಿಮಗೆ ಬೇಕಾದ್ದು. ಪರ್ಸಿನ ಚೀಟಿ ಈಗ ತೆಗೆಯಿರಿ. ಲೆಕ್ಕ 35 ಸಾವಿರ ಇದ್ದರೆ, ಪೈಪಿನ ನಷ್ಟ, ಸ್ನಾನದ ನೀರು, ಇನ್ನೂ ಕೊರೆಯುವ ರಾತ್ರಿಗಳಿಗೆ ಅಂತ ಸೇರಿಸಿ 50ರಿಂದ 60 ಸಾವಿರ ಕೊಡುವ ಒಲೆ ಸಾಕು. ಮುಂದೆ ಬೇಕಾಗಬಹುದು ಅಂತ ದೊಡ್ಡದು ಕೊಂಡರೆ ಆ ಒಲೆ ಬದುಕಿನ ಮುಕ್ಕಾಲು ಪಾಲು ಹೊಗೆಯಾಡುತ್ತಲೇ ಕಳೆಯುತ್ತದೆ. ದೊಡ್ಡ ಶೆಡ್ಡು, ಗ್ರೀನ್‌ಹೌಸ್ ಕಾಯಿಸುವ ಯೋಜನೆ ನಿಜವಾಗಿ ಇದ್ದರೆ ಮಾತು ಬೇರೆ.

ಸೆಕೆಂಡ್ ಹ್ಯಾಂಡ್ ಒಲೆಗಳು ಅಗ್ಗಕ್ಕೆ ಸಿಗುತ್ತವೆ. ಹಳೇ ಬಗೆಯದ್ದನ್ನು ಹೊಸದಾಗಿ ಹಾಕಲು ಎಷ್ಟೋ ಕಡೆ ಅನುಮತಿಯೇ ಇಲ್ಲ. ಇದ್ದರೂ, ನೀರಿಗೆ ತುಕ್ಕುತಡೆ ಔಷಧಿ ಹಾಕಿದ ದಾಖಲೆ ತೋರಿಸಲಾಗದವರಿಂದ ನಾನಂತೂ ಕೊಳ್ಳುವುದಿಲ್ಲ.

ಹೆಜ್ಜೆ 6: ನೆಲದಡಿಯ ಪೈಪು

ಇಲ್ಲಿ ಉಳಿಸಿದ ಒಂದೊಂದು ಡಾಲರಿಗೂ ಪ್ರತಿ ವರ್ಷ ಸೌದೆಯಲ್ಲಿ ದಂಡ ಕಟ್ಟುತ್ತೀರಿ. ಬಿಸಿ ನೀರು ಹೋಗಲು ಒಂದು ಪೆಕ್ಸ್ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪು, ವಾಪಸ್ ಬರಲು ಇನ್ನೊಂದು, ಎರಡೂ ಸೇರಿ ಒಂದು ದೊಡ್ಡ ಕೊಳವೆಯೊಳಗೆ ಇರುತ್ತವೆ. ಅಗ್ಗದ್ದರಲ್ಲಿ ಸುತ್ತ ಬಬಲ್ ಹಾಳೆ ಸುತ್ತಿರುತ್ತಾರೆ. ಒಳ್ಳೇದರಲ್ಲಿ ಗಟ್ಟಿ ಪಾಲಿಯುರೆಥೇನ್ ಫೋಮ್ ಪೂರ್ತಿ ತುಂಬಿರುತ್ತದೆ. ಬಬಲ್ ಹಾಳೆಯದ್ದರ ಒಳಗೆ ಒಂದು ದಿನ ನೀರು ಸೇರಿಯೇ ಸೇರುತ್ತದೆ. ಆಮೇಲೆ ಪೈಪು ಕೊಚ್ಚೆಯಲ್ಲಿ ಮಲಗಿದಂತೆ.

ಹೊರಗೆ ಇಡೀ ಅಂಗಳ ಹಿಮದಿಂದ ಬೆಳ್ಳಗಿದ್ದು, ಫರ್ನೇಸ್‌ನಿಂದ ಮನೆವರೆಗೆ ಒಂದೇ ಗೆರೆ ಮಾತ್ರ ಕರಗಿ, ಜನವರಿಯಲ್ಲೂ ಹಸಿರು ಹುಲ್ಲು ಕಾಣುವ ಮನೆಗಳಿವೆ. ಬೆಕ್ಕು ಆ ಗೆರೆಯ ಮೇಲೇ ಮಲಗಿರುತ್ತದೆ. ಆ ಹುಲ್ಲಿನ ಬೆಲೆ ಎಷ್ಟು ಅಂತ ಲೆಕ್ಕ ಮಾಡಬಹುದು. ಸೂತ್ರ ಸುಲಭ: ನಿಮಿಷಕ್ಕೆ ಹರಿಯುವ ಗ್ಯಾಲನ್, ಗುಣಿಸು ಇಳಿದ ಡಿಗ್ರಿ, ಗುಣಿಸು 500. ನಿಮಿಷಕ್ಕೆ 5 ಗ್ಯಾಲನ್ ಹರಿಯುತ್ತಾ, ನೆಲದಲ್ಲಿ ಹೋಗಿ ಬರುವಷ್ಟರಲ್ಲಿ 10 ಡಿಗ್ರಿ ಇಳಿದರೆ ಗಂಟೆಗೆ 25 ಸಾವಿರ ಬಿಟಿಯು ಮಣ್ಣುಪಾಲು. ಸುಮಾರು 24 ದಿನಕ್ಕೆ ಒಂದು ಪೂರ್ತಿ ಕಾರ್ಡ್ ಸೌದೆ ಬರೀ ಅಂಗಳ ಕಾಯಿಸಲು ಹೋಯಿತು! ಒಳ್ಳೇ ಫೋಮ್ ಪೈಪಿನಲ್ಲಿ ನೂರು ಅಡಿಗೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಇಳಿಯಬಾರದು.

ಅದೇ ಸೂತ್ರದಿಂದ ಪೈಪಿನ ಗಾತ್ರವೂ ತಿಳಿಯುತ್ತದೆ. ಮನೆಯಲ್ಲಿ ನೀರು 20 ಡಿಗ್ರಿ ತಣಿದು ವಾಪಸ್ ಬರಲಿ ಅಂತ ಇಟ್ಟುಕೊಂಡರೆ, 40 ಸಾವಿರ ಬಿಟಿಯುಗೆ ನಿಮಿಷಕ್ಕೆ 4 ಗ್ಯಾಲನ್ ಸಾಕು, ಒಂದು ಇಂಚಿನ ಪೈಪು ಆರಾಮ. ಒಂದು ಲಕ್ಷ ಬೇಕಾದರೆ 10 ಗ್ಯಾಲನ್, ಆಗ ಒಂದೂಕಾಲು ಇಂಚು ಹಾಕಿ. ಆಮ್ಲಜನಕ ಒಳನುಸುಳದ ಪದರ ಇರುವ ಪೆಕ್ಸನ್ನೇ ಕೇಳಿ ತನ್ನಿ.

ಗುಂಡಿ ತೋಡುವ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ನೆಲದಡಿ ಗ್ಯಾಸು, ಕರೆಂಟು, ಫೋನಿನ ಲೈನು ಎಲ್ಲಿದೆ ಅಂತ ಬಂದು ಬಣ್ಣ ಹಾಕಿ ಗುರುತು ಮಾಡಿ ಹೋಗುತ್ತಾರೆ, ದುಡ್ಡು ಕೊಡಬೇಕಿಲ್ಲ. ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಹೋದರೆ ಒಳ್ಳೇದು, ಉತ್ತರ ನ್ಯೂಯಾರ್ಕಿನಲ್ಲಿ ಅದು ನಾಲ್ಕು ಅಡಿ ಹತ್ತಿರ. ನೀರು ನಿಲ್ಲುವ ಜಾಗವಾದರೆ ಅಷ್ಟು ಆಳ ಹೋಗದೆ, ನೀರಿನ ಮಟ್ಟದ ಮೇಲೇ ಹಾಕಿ. ಪೈಪಿಗೆ ನೆಲದಡಿ ಜೋಡಣೆ ಬೇಡ, ಒಂದೇ ಉದ್ದದ್ದು ತರಿಸಿ. ಅದೇ ಗುಂಡಿಯಲ್ಲಿ ಕರೆಂಟು ವೈರಿಗೆ, ಥರ್ಮೋಸ್ಟಾಟ್ ವೈರಿಗೆ ಬೇರೆ ಬೇರೆ ಕೊಳವೆ ಹಾಕಿಬಿಡಿ.

ಹೆಜ್ಜೆ 7: ಮನೆಯೊಳಗೆ ಶಾಖ ಇಳಿಸುವುದು

ನಿಮ್ಮ ಮನೆಯಲ್ಲಿ ಈಗ ಏನಿದೆ ಅನ್ನುವುದರ ಮೇಲೆ ಇದು ನಿಂತಿದೆ. ಬಿಸಿ ಗಾಳಿ ಊದುವ ಫರ್ನೇಸ್ ಇದ್ದರೆ, ಅದರ ಮೇಲಿನ ಗಾಳಿ ಪೆಟ್ಟಿಗೆಯಲ್ಲಿ ಕಾರಿನ ರೇಡಿಯೇಟರಿನಂಥ ತಾಮ್ರದ ಕಾಯಿಲ್ ಕೂರಿಸುತ್ತಾರೆ. ಕಾಯಿಲ್ ಮೇಲೆ ಒಂದು ಆಕ್ವಾಸ್ಟಾಟ್, ಅಂದರೆ ನೀರಿನ ಬಿಸಿ ನೋಡಿ ಕೆಲಸ ಮಾಡುವ ಸ್ವಿಚ್ಚು, ಇರಲಿ, ನೀರು ತಣ್ಣಗಿದ್ದಾಗ ಫ್ಯಾನು ತಣ್ಣನೆ ಗಾಳಿ ಊದದಂತೆ ಅದು ತಡೆಯುತ್ತದೆ.

ಬಿಸಿ ನೀರಿನ ರೇಡಿಯೇಟರ್ ಇದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಹಳೇ ಎರಕದ ರೇಡಿಯೇಟರುಗಳು ಕಮ್ಮಿ ಬಿಸಿಯ ನೀರಿನಲ್ಲೂ ಮನೆ ಬೆಚ್ಚಗಿಡುತ್ತವೆ. ಒಳಗಿನ ನೀರಿಗೆ ಒತ್ತಡ ಇರುತ್ತದೆ, ಹೊರಗಿನದಕ್ಕೆ ಇಲ್ಲ, ಹಾಗಾಗಿ ಎರಡನ್ನೂ ಬೆರೆಸುವಂತಿಲ್ಲ. ನಡುವೆ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಹಾಕಬೇಕು, ಅದರಲ್ಲಿ ಎರಡು ನೀರೂ ಬೆರೆಯದೆ ತೆಳು ತಗಡಿನ ಮೂಲಕ ಶಾಖ ಮಾತ್ರ ದಾಟುತ್ತದೆ.

ರೇಡಿಯೇಟರ್ ನೋಡಿದ ತಕ್ಷಣ ಖುಷಿಪಡಬೇಡಿ, ಅದು ಹಬೆಯದ್ದಾ ನೀರಿನದ್ದಾ ಅಂತ ಮೊದಲು ನೋಡಿ. ರೇಡಿಯೇಟರಿಗೆ ಒಂದೇ ಪೈಪು ಬಂದಿದ್ದು, ಪಕ್ಕದಲ್ಲಿ ಗುಂಡು ಮೂಗಿನಂಥ ಗಾಳಿ ವಾಲ್ವ್ ಇದ್ದರೆ ಅದು ಹಬೆಯದ್ದು. ಈ ಒಲೆಯಲ್ಲಿ ನೀರು ಸುಮಾರು 180 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ 82 ಸೆಲ್ಸಿಯಸ್‌ಗೆ ನಿಲ್ಲುತ್ತದೆ. ಹಬೆ ಆಗಲು 212 ಬೇಕು. ಅಂಥ ಮನೆಯಲ್ಲಿ ಹಂಚುವ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ. ಅದು ದೊಡ್ಡ ಖರ್ಚು.

ಸ್ನಾನದ ನೀರಿಗೂ ಇದೇ ಶಾಖ ಬಳಸಬಹುದು, ಇನ್ನೊಂದು ಸಣ್ಣ ಪ್ಲೇಟ್ ಎಕ್ಸ್‌ಚೇಂಜರ್ ಸಾಕು. ಅಲ್ಲಿ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿ 120 ಡಿಗ್ರಿಗೆ ಇಡುವುದು ಕಡ್ಡಾಯ. 180 ಡಿಗ್ರಿ ನೀರು ನಲ್ಲಿಯಲ್ಲಿ ಬಂದರೆ ಮಗುವಿನ ಕೈ ಕ್ಷಣದಲ್ಲಿ ಸುಡುತ್ತದೆ.

ಇನ್ನು ಎರಡು ವಿಷಯ ಪ್ಲಂಬರಿಗೆ ಒತ್ತಿ ಹೇಳಿ. ಪಂಪು ಫರ್ನೇಸ್‌ನ ಬುಡದ ಹತ್ತಿರ, ತಗ್ಗಿನಲ್ಲಿ ಇರಲಿ. ಒತ್ತಡವಿಲ್ಲದ ಬಿಸಿ ನೀರನ್ನು ಮೇಲಿನಿಂದ ಎಳೆದರೆ ಪಂಪಿನೊಳಗೆ ಗುಳ್ಳೆಯೆದ್ದು ಬೇಗ ಕೆಡುತ್ತದೆ. ಎರಡನೆಯದು, ವಾಪಸ್ ಬರುವ ನೀರು 140 ಡಿಗ್ರಿಗಿಂತ ತಣ್ಣಗಿರಬಾರದು. ತಣ್ಣನೆ ನೀರು ತಾಗಿದ ಒಲೆಯ ಗೋಡೆಗೆ ಒಳಗಿನಿಂದ ಹೊಗೆಯ ತೇವ ಇಳಿಯುತ್ತದೆ, ಅದು ಆಮ್ಲ, ಉಕ್ಕನ್ನು ತಿನ್ನುತ್ತದೆ. ಥರ್ಮೋಸ್ಟಾಟಿಕ್ ವಾಲ್ವ್ ಒಂದು ಹಾಕಿದರೆ ಇದು ತಪ್ಪುತ್ತದೆ.

ಹಳೇ ಆಯಿಲ್ ಫರ್ನೇಸ್ ಕಿತ್ತು ಬಿಸಾಕಬೇಡಿ. ಸೌದೆಯ ಥರ್ಮೋಸ್ಟಾಟ್ 70ಕ್ಕೆ, ಆಯಿಲಿನದ್ದು 60ಕ್ಕೆ ಇಟ್ಟರೆ, ನೀವು ಮಲಗಿದ್ದಾಗ ಬೆಂಕಿ ಆರಿದರೂ ಮನೆಯ ನಲ್ಲಿ ಪೈಪು ಒಡೆಯುವುದಿಲ್ಲ. ಒಳಗೆ ಆಯಿಲ್ ಉರಿಯುವ ತನಕ ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮೂ ಬೇಕು.

ಹೆಜ್ಜೆ 8: ನೀರು, ಮತ್ತು ಮೊದಲ ಬೆಂಕಿ

ಇಂಥ ಒಲೆಗಳು ಸಾಯುವುದು ಬೆಂಕಿಯಿಂದ ಅಲ್ಲ, ನೀರಿನಿಂದ. ಬಾವಿ ನೀರು ಸುಮ್ನೆ ತುಂಬಿಸಿ ಬಿಟ್ಟರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ತಯಾರಕರು ಹೇಳಿದ ತುಕ್ಕುತಡೆ ದ್ರಾವಣವನ್ನು ಹೇಳಿದಷ್ಟೇ ಹಾಕಿ. ವರ್ಷಕ್ಕೊಮ್ಮೆ ನೀರಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸಿ, ಆ ಕಾಗದ ಜೋಪಾನ ಮಾಡಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.

ನೀರು ತುಂಬದೆ ಎಂದೂ ಬೆಂಕಿ ಹಾಕಬೇಡಿ. ತುಂಬಿದ ಮೇಲೆ ಪಂಪು ಓಡಿಸಿ, ಪೈಪಿನ ಗಾಳಿಯೆಲ್ಲ ಹೊರಹೋಗಿ ನೀರಿನ ಸದ್ದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಪುರಳೆಯಿಂದ ಸಣ್ಣ ಬೆಂಕಿ. ತಣ್ಣನೆ ಗೋಡೆಯ ಮೇಲೆ ಮೊದಲಿಗೆ ನೀರು ಬೆವರುತ್ತದೆ, ಒಲೆ ಸೋರುತ್ತಿದೆ ಅಂತ ಗಾಬರಿ ಬೀಳಬೇಡಿ. ನೀರು 140 ದಾಟಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಮಾತ್ರ ಡೀಲರಿಗೆ ಫೋನ್ ಮಾಡಿ.

ಹೆಜ್ಜೆ 9: ದಿನದ ಕೆಲಸ

ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಬಾಗಿಲು ತೆಗೆಯುವುದನ್ನು ಸರಿಯಾಗಿ ಕಲಿಯಬೇಕು. ಮೊದಲು ಫ್ಯಾನು ನಿಲ್ಲಿಸಿ, ಬೈಪಾಸ್, ಅಂದರೆ ಹೊಗೆಯನ್ನು ಸೀದಾ ಕೊಳವೆಗೆ ಬಿಡುವ ಮುಚ್ಚಳ, ತೆರೆಯಿರಿ. ಅರ್ಧ ನಿಮಿಷ ಬಿಡಿ. ಬಾಗಿಲ ಹಿಂದೆ, ಪಕ್ಕಕ್ಕೆ ನಿಂತು ಒಂದು ಇಂಚು ಮಾತ್ರ ತೆರೆದು ಹಿಡಿಯಿರಿ. ಒಳಗೆ ಸಿಕ್ಕಿಕೊಂಡ ಅನಿಲಕ್ಕೆ ಗಾಳಿ ತಾಗಿ ‘ಭುಗ್’ ಅಂತ ಉರಿಯುವುದಿದ್ದರೆ ಆಗಲೇ ಉರಿದು ಹೋಗುತ್ತದೆ. ಆಮೇಲೆ ಪೂರ್ತಿ ತೆರೆಯಿರಿ. ಗಡಿಬಿಡಿಯಲ್ಲಿ ಸೀದಾ ಎಳೆದು ಬಗ್ಗಿ ನೋಡಿದರೆ ಹುಬ್ಬು ಉಳಿಯುವುದಿಲ್ಲ. ಚರ್ಮದ ಉದ್ದ ಕೈಗವಸು ಹಾಕಿ, ನೈಲಾನ್ ಜಾಕೆಟ್ ಬೇಡ.

ಕೆಂಡವನ್ನು ಮುಂದಕ್ಕೆ ಎಳೆದು ಸಮ ಮಾಡಿ, ಅದರ ಮೇಲೆ ಸೌದೆ. ಎಷ್ಟು ಹಾಕಬೇಕು ಅನ್ನುವುದಕ್ಕೆ ಮುಂದಿನ ಹನ್ನೆರಡು ಗಂಟೆಯ ಹವಾಮಾನ ನೋಡಿ. ಒಲೆ ದೊಡ್ಡದಿದೆ ಅಂತ ಪ್ರತಿ ಸಲ ಬಾಯಿ ತನಕ ತುಂಬುವುದು ಸೋಮಾರಿ ಕೆಲಸ, ಹೊಗೆ ಹುಟ್ಟುವುದೇ ಅಲ್ಲಿಂದ. ಒಂದು ಸಲ ತುಂಬಿದ್ದು ಮುಂದಿನ ಸಲದ ಹೊತ್ತಿಗೆ ಬರೀ ಕೆಂಡವಾಗಿ ಉಳಿದರೆ ಅಳತೆ ಸರಿ. ಕೊಳವೆ ನೋಡಿ: ಚೆನ್ನಾಗಿ ಉರಿಯುವಾಗ ಬರೀ ಬಿಸಿ ಗಾಳಿ ಅಲುಗಾಡಿದಂತೆ ಕಾಣಬೇಕು. ಬಿಳಿ ಆವಿ ಬಂದು ಬೇಗ ಮಾಯವಾದರೆ ಪರವಾಗಿಲ್ಲ. ನೀಲಿ ಬೂದು ಹೊಗೆ ನೆಲಕ್ಕೆ ಇಳಿಯುತ್ತಿದ್ದರೆ ಸೌದೆ ಹಸಿ ಅಥವಾ ಜಾಸ್ತಿ.

ನೀರು 200 ದಾಟಿ ಕುದಿಯಲು ಹೊರಟರೆ ಮೊದಲು ಬಾಗಿಲು ಸರಿಯಾಗಿ ಮುಚ್ಚಿದೆಯಾ, ಅದರ ಹಗ್ಗದ ಗ್ಯಾಸ್ಕೆಟ್ ಸವೆದಿದೆಯಾ ನೋಡಿ. ಮನೆಯ ಥರ್ಮೋಸ್ಟಾಟ್ ಏರಿಸಿ ಶಾಖವನ್ನು ಒಳಗೆ ಎಳೆದುಕೊಳ್ಳಿ. ನೀರು ಪೂರ್ತಿ ಆವಿಯಾಗಿ ಖಾಲಿಯಾಗಿ ಒಲೆ ಕಾದಿದ್ದರೆ ಮಾತ್ರ ತಣ್ಣೀರು ಸುರಿಯಲೇಬೇಡಿ.

ಬೂದಿ ವಾರಕ್ಕೊಮ್ಮೆ ತೆಗೆಯಿರಿ, ಒಂದೆರಡು ಇಂಚು ಉಳಿಸಿ. ಮುಚ್ಚಳ ಇರುವ ಕಬ್ಬಿಣದ ಬಕೆಟ್ಟೇ ಬೇಕು. ಬೂದಿಯೊಳಗಿನ ಕೆಂಡ ದಿನಗಟ್ಟಲೆ ಜೀವಂತ ಇರುತ್ತದೆ, ಮರದ ಜಗಲಿ ಮೇಲೆ ಇಡಬೇಡಿ. ತಣಿದ ಬೂದಿ ತರಕಾರಿ ಮಡಿಗೆ ಸ್ವಲ್ಪ ಸ್ವಲ್ಪ ಹಾಕಬಹುದು. ಬ್ಲೂಬೆರಿಗೆ, ಆಲೂಗಡ್ಡೆಗೆ ಬೇಡ.

ಕರೆಂಟು ಹೋದರೆ

ಹಿಮಗಾಳಿ ಬಂದಾಗಲೇ ಕರೆಂಟು ಹೋಗುವುದು. ಪಂಪು ನಿಂತರೆ ಮನೆಗೆ ಶಾಖ ಇಲ್ಲ, ಸ್ವಲ್ಪ ಹೊತ್ತಿಗೆ ಪೈಪು ಹೆಪ್ಪುಗಟ್ಟುವ ಭಯ. ಇಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನಲ್ಲಿ ಇನ್ವರ್ಟರ್ ಬ್ಯಾಟರಿ ಇಟ್ಟುಕೊಂಡು ಬೆಳೆದವರಿಗೆ ಇದನ್ನು ಕಲಿಸಬೇಕಿಲ್ಲ. 80 ವಾಟಿನ ಪಂಪು ಹತ್ತು ಗಂಟೆ ಓಡಲು 0.8 ಯೂನಿಟ್ ಸಾಕು. 12 ವೋಲ್ಟ್ 150 ಆ್ಯಂಪಿಯರ್ ಅವರ್ ಬ್ಯಾಟರಿ ಒಂದು ರಾತ್ರಿ ದೂಡುತ್ತದೆ. ಇಲ್ಲಿನ 120 ವೋಲ್ಟ್ ಕೊಡುವ, ಶುದ್ಧ ಸೈನ್ ವೇವ್ ಇನ್ವರ್ಟರೇ ಬೇಕು. ಒಲೆಯ ಫ್ಯಾನು, ಮನೆಯೊಳಗಿನ ಬ್ಲೋಯರ್ರೂ ಓಡಬೇಕಾದರೆ ಸಣ್ಣ ಜನರೇಟರ್ ಇಡಿ, ಮನೆಯ ಹೊರಗೆ, ಕಿಟಕಿಯಿಂದ ದೂರ.

ಡಿಸೆಂಬರಿನಲ್ಲಿ ತಿಂಗಳುಗಟ್ಟಲೆ ಊರಿಗೆ ಹೋಗುವ ಅಭ್ಯಾಸ ಇದೆಯಾ? ಆಗ ನೀರು ಹೆಪ್ಪುಗಟ್ಟದಂತೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸುವ ಬಗ್ಗೆ ಡೀಲರ್ ಹತ್ತಿರ ಮಾತಾಡಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಬೇಡ. ಸೌದೆ ಹಾಕಲು ಯಾರೂ ಇಲ್ಲದಾಗ ಮನೆ ನೋಡಿಕೊಳ್ಳುವುದು ಆಯಿಲ್ ಫರ್ನೇಸೇ.

ಹೆಜ್ಜೆ 10: ಏಪ್ರಿಲ್‌ನಲ್ಲಿ ಮುಚ್ಚುವುದು

ಸ್ನಾನದ ನೀರಿಗೆ ಅಂತ ಬೇಸಿಗೆಯಿಡೀ ಇದನ್ನು ಉರಿಸುವವರಿದ್ದಾರೆ. ಬಕೆಟ್ ನೀರಿಗೆ ಅಷ್ಟು ದೊಡ್ಡ ಒಲೆ ದಂಡ, ಹೊಗೆಯೂ ಜಾಸ್ತಿ. ರಾತ್ರಿ ಚಳಿ 40 ಡಿಗ್ರಿ ಮೇಲೆ ನಿಲ್ಲತೊಡಗಿದಾಗ ಬೆಂಕಿ ಆರಲು ಬಿಡಿ.

ಅದೇ ವಾರದೊಳಗೆ ಒಲೆಯ ಒಳಗೆಲ್ಲ ಕೆರೆದು ಬೂದಿಯ ಕೊನೆಯ ಹಿಡಿಯವರೆಗೆ ತೆಗೆಯಿರಿ. ಬೇಸಿಗೆಯ ತೇವ ಬೂದಿಗೆ ಸೇರಿದರೆ ಕ್ಷಾರವಾಗಿ ಉಕ್ಕನ್ನು ತಿನ್ನುತ್ತದೆ. ಒಂದೇ ಚಳಿಗಾಲದಲ್ಲಿ ಆಗುವುದಕ್ಕಿಂತ ಜಾಸ್ತಿ ಹಾನಿ ಆ ಬೇಸಿಗೆಯಲ್ಲಿ ಆಗಬಹುದು. ಕೊಳವೆಗೆ ಬ್ರಷ್ ಹಾಕಿ. ಒಳಗೋಡೆಗೆ ತೆಳ್ಳಗೆ ಎಣ್ಣೆ ಹಚ್ಚಿ, ಮಳೆ ಇಳಿಯದಂತೆ ಕೊಳವೆಯ ಬಾಯಿಗೆ ಮುಚ್ಚಳ ಹಾಕಿ, ಬಾಗಿಲ ಮೇಲೆ ‘ಮುಚ್ಚಳ ತೆಗೆಯದೆ ಬೆಂಕಿ ಹಾಕಬೇಡಿ’ ಅಂತ ಚೀಟಿ ಅಂಟಿಸಿ. ನೀರು ಖಾಲಿ ಮಾಡಬೇಡಿ, ತುಂಬಿಯೇ ಇರಲಿ. ಖಾಲಿ ಬಿಟ್ಟರೆ ಗಾಳಿ ತಾಗಿ ಒಳಮೈ ತುಕ್ಕು ಹಿಡಿಯುತ್ತದೆ. ಸ್ಯಾಂಪಲ್ ಒಂದು ಬಾಟಲಿಗೆ ತೆಗೆದು ಆಗಲೇ ಪರೀಕ್ಷೆಗೆ ಕಳಿಸಿಬಿಡಿ. ಅಕ್ಟೋಬರಿನಲ್ಲಿ ಎಲ್ಲರೂ ಒಟ್ಟಿಗೇ ಕಳಿಸುತ್ತಾರೆ, ಉತ್ತರ ಬರುವುದು ತಡ.